ನಾಲ್ಕು ಏಜೆಂಟರು, ನಾಲ್ಕು ಬೆಲೆ

ಮುಂಬೈ ಬಳಿಯ ಡೊಂಬಿವಲಿಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಒನ್ ಬಿಎಚ್‌ಕೆ ಮಾರಲು ನಾಲ್ವರು ಏಜೆಂಟರಿಗೆ ಹೇಳಿ ಮೂರು ತಿಂಗಳಾಯಿತು. ನೋಡಲು ಬಂದವರು ಮತ್ತೆ ಫೋನ್ ಮಾಡುವುದಿಲ್ಲ. ಬೆಡ್‌ರೂಮಿನ ಒದ್ದೆ ಗೋಡೆಗೆ ಬಣ್ಣ ಹೊಡೆದು ಫೋಟೋ ತೆಗೆಯೋಣ ಎನ್ನುತ್ತಾನೆ ಒಬ್ಬ. ಬಾಗಿಲು ತೆರೆಯುವ ಇವರಿಗೆ ಎರಡು ಪರ್ಸೆಂಟ್ ಏಕೆ, ನೀವೇ ಮಾರಿ ಎನ್ನುತ್ತಾರೆ ಪಕ್ಕದ ಮನೆಯವರು. ಏನು ಮಾಡಲಿ?"

ಮಾನ್ಯರೇ, ಗುರುತಿನವರಲ್ಲೇ ಗಿರಾಕಿ ಸಿಕ್ಕರೆ ಪಕ್ಕದ ಮನೆಯವರ ಮಾತು ಸರಿ, ಬ್ರೋಕರೇಜ್ ಉಳಿಯುತ್ತದೆ. ಸಿಗದಿದ್ದರೆ ಒಳ್ಳೆಯ ಏಜೆಂಟ್ ಒಬ್ಬನೇ ಸಾಕು. ನಾಲ್ವರಿಗೆ ಹೇಳಿದ್ದೇ ನಿಮ್ಮ ತೊಂದರೆಯ ಮೂಲ. ಒಂದೇ ಫ್ಲ್ಯಾಟ್ ಪೋರ್ಟಲ್‌ನಲ್ಲಿ 58, 60, 62, 65 ಲಕ್ಷಕ್ಕೆ ಕಾಣಿಸಿದರೆ ಕೊಳ್ಳುವವನು 58 ಹೇಳಿದವನಿಗೇ ಫೋನ್ ಮಾಡಿ 55ರಿಂದ ಚೌಕಾಸಿ ಶುರು ಮಾಡುತ್ತಾನೆ. ವ್ಯವಹಾರ ಇನ್ನೊಬ್ಬನ ಪಾಲಾದೀತು ಎಂಬ ಅಳುಕಿನಲ್ಲಿ ನಾಲ್ವರಲ್ಲಿ ಯಾರೂ ಮನಸ್ಸಿಟ್ಟು ದುಡಿಯುವುದಿಲ್ಲ. ಒಬ್ಬನಿಗೆ ಎರಡು ತಿಂಗಳ ಗಡುವು ಕೊಟ್ಟು, ಬೆಲೆಯನ್ನೂ ಬ್ರೋಕರೇಜನ್ನೂ ಬರಹದಲ್ಲಿ ಹಾಕಿಕೊಳ್ಳಿ. ಉಳಿದ ಜಾಹೀರಾತುಗಳನ್ನು ತೆಗೆಸಿ.

ಕಸುಬು ಬಲ್ಲವನು ಕ್ಯಾಮೆರಾ ಹಿಡಿಯುವ ಮೊದಲು ಕಾಗದ ಕೇಳುತ್ತಾನೆ: ಬಿಲ್ಡರನಿಂದ ನಿಮ್ಮವರೆಗಿನ ಎಲ್ಲ ಅಗ್ರಿಮೆಂಟುಗಳು, ಇಂಡೆಕ್ಸ್ ಟು (ನೋಂದಣಿ ಕಚೇರಿಯ ಸಾರಾಂಶ ಪತ್ರ), ಹೌಸಿಂಗ್ ಸೊಸೈಟಿಯ ಶೇರ್ ಸರ್ಟಿಫಿಕೇಟ್, ಕಟ್ಟಡದ ಓಸಿ (ವಾಸಕ್ಕೆ ಯೋಗ್ಯ ಎಂಬ ಅನುಮತಿ ಪತ್ರ), ಮೇಂಟೆನೆನ್ಸ್ ಬಿಲ್ಲು, ಸಾಲವಿದ್ದರೆ ಬಾಕಿಯ ಪತ್ರ. ನಡುವಿನ ಒಂದು ಅಗ್ರಿಮೆಂಟ್ ಇಲ್ಲದಿದ್ದರೆ ಗಿರಾಕಿಯ ಬ್ಯಾಂಕಿನ ವಕೀಲರು ಅಲ್ಲೇ ತಡೆಯುತ್ತಾರೆ. ನೋಂದಣಿ ಕಚೇರಿಯಿಂದ ದೃಢೀಕೃತ ಪ್ರತಿ ಈಗಲೇ ತರಿಸಿ.

ಆಮೇಲೆ ಅಳತೆ. 420 ಚದರಡಿಯ ಮನೆಯನ್ನು 650 ಎಂದು ಬರೆಯುವ ಚಾಳಿ ಇನ್ನೂ ಹೋಗಿಲ್ಲ. 2016ರ ರೇರಾ ಎಂಬ ರಿಯಲ್ ಎಸ್ಟೇಟ್ ಕಾಯ್ದೆಯ ಕಾರ್ಪೆಟ್ ಲೆಕ್ಕದಲ್ಲಿ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗದ ಲೆಕ್ಕದಲ್ಲಿ, ಒಳಗೋಡೆಗಳು ಸೇರುತ್ತವೆ. ಹೊರಗೋಡೆ, ಪೈಪುಗಳು ಹಾಯುವ ಶಾಫ್ಟ್, ಬಾಲ್ಕನಿ ಸೇರುವುದಿಲ್ಲ. ಅದನ್ನೇ ಬರೆಸಿ. ಉಬ್ಬಿಸಿದ ಅಳತೆಯ ಮೇಲೆ ಉಬ್ಬಿಸಿದ ಬೆಲೆ ನಿಂತಿದ್ದರೆ ಬ್ಯಾಂಕಿನ ವ್ಯಾಲ್ಯುಯರ್ ಬಂದ ದಿನ ಅದು ಕುಸಿಯುತ್ತದೆ. 60 ಲಕ್ಷದ ಮನೆಗೆ ಹೆಚ್ಚೆಂದರೆ ಶೇ 80, ಅಂದರೆ 48 ಲಕ್ಷ ಸಾಲ. ಬ್ಯಾಂಕ್ 52 ಲಕ್ಷವೆಂದು ಬೆಲೆ ಕಟ್ಟಿದರೆ ಸಾಲ 41.6 ಲಕ್ಷಕ್ಕೆ ಇಳಿಯುತ್ತದೆ. ಉಳಿದದ್ದನ್ನು ಹೊಂದಿಸಲಾಗದೆ ಟೋಕನ್ ಕೊಟ್ಟವನೂ ಹಿಂದೆ ಸರಿಯುತ್ತಾನೆ.

ಒದ್ದೆ ಗೋಡೆಗೆ ಬಣ್ಣ ಹೊಡೆದು ಮುಚ್ಚುವ ಆ ಏಜೆಂಟನ ಸಲಹೆ ಬೇಡ. ಹಸಿ ಪ್ಲಾಸ್ಟರಿನ ಮೇಲೆ ಹೊಡೆದ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿಸಿ. ಹೊರಗೋಡೆಯ ಬಿರುಕಾದರೆ ಸೊಸೈಟಿಗಳ ಮಾದರಿ ಉಪವಿಧಿಗಳ (ನಿಯಮಾವಳಿಯ) ಪ್ರಕಾರ ರಿಪೇರಿ ಸೊಸೈಟಿಯದು. ಮೇಲಿನ ಮನೆಯ ಬಚ್ಚಲಾದರೆ ಅವರೊಡನೆ ಕೂತು ಮಾತಾಡಬೇಕು. ಸರಿಪಡಿಸಿ, ಒಣಗಿಸಿ, ಬಣ್ಣ ಹೊಡೆಸಿ, ರಿಪೇರಿಯ ಬಿಲ್ಲನ್ನು ಗಿರಾಕಿಗೆ ತೋರಿಸಿ.

ಫೋಟೋಗಳು ಎಂಟು ಹತ್ತು ಸಾಕು. ಬೆಳಗಿನ ಹತ್ತರ ಹೊತ್ತಿಗೆ, ಕಿಟಕಿ ತೆರೆದು, ಎದೆಯೆತ್ತರದಿಂದ, ಕೋಣೆಯ ಮೂಲೆಯಲ್ಲಿ ನಿಂತು ತೆಗೆಯಲಿ. ಹಾಲ್ ಮೊದಲು, ಆಮೇಲೆ ಅಡುಗೆಮನೆ. ಬಚ್ಚಲು, ಕಿಟಕಿಯ ಹೊರನೋಟ, ಲಿಫ್ಟ್ ಕೂಡ ಇರಲಿ. ವೈಡ್ ಲೆನ್ಸಿನಲ್ಲಿ ಹಿಗ್ಗಿಸಿದ ಹಾಲ್ ನೋಡಿ ಬಂದವನು ಹೊಸ್ತಿಲಲ್ಲೇ ಮುಖ ಸಣ್ಣ ಮಾಡುತ್ತಾನೆ. ನೀರು ಬರುವ ಹೊತ್ತು, ಪಾರ್ಕಿಂಗ್ ಇದೆಯೋ ಇಲ್ಲವೋ, ಎಷ್ಟನೇ ಮಹಡಿ, ಎಲ್ಲ ಬರೆಸಿ. "ಸ್ಟೇಷನ್‌ಗೆ ಐದು ನಿಮಿಷ" ಎಂದರೆ ನಡೆದೋ ರಿಕ್ಷಾದಲ್ಲೋ ಎಂಬುದನ್ನೂ ಸೇರಿಸಿ.

ಇಷ್ಟೆಲ್ಲ ಮಾಡುವ ಏಜೆಂಟನಿಗೆ ಕೊಟ್ಟ ಬ್ರೋಕರೇಜ್ ದಂಡವಲ್ಲ. ನನ್ನ ಸಿಟ್ಟು ಇರುವುದು ಸೊಸೈಟಿ ಕಮಿಟಿಗಳ ಮೇಲೆ. ಮಹಾರಾಷ್ಟ್ರದ ಫ್ಲ್ಯಾಟ್ ಮಾಲೀಕತ್ವದ 1963ರ ಮೋಫಾ ಕಾಯ್ದೆ ಜಮೀನನ್ನು ಸೊಸೈಟಿಯ ಹೆಸರಿಗೆ ಮಾಡಿಕೊಡಿ ಎನ್ನುತ್ತದೆ. ಬಿಲ್ಡರ್ ಮಾಡದಿದ್ದರೆ ಅವನಿಲ್ಲದೆಯೇ ಜಮೀನು ಸೊಸೈಟಿಗೆ ಬರುವ ಡೀಮ್ಡ್ ಕನ್ವೇಯನ್ಸ್‌ನ ದಾರಿ 2008ರಲ್ಲೇ ತೆರೆದಿದೆ. ಆದರೂ ವರ್ಷಗಟ್ಟಲೆ ಕೈಕಟ್ಟಿ ಕೂತ ಕಮಿಟಿಗಳು, ಸದಸ್ಯ ಮನೆ ಮಾರಹೊರಟಾಗ ಮಾತ್ರ ಎಚ್ಚೆತ್ತು ಲಕ್ಷಗಟ್ಟಲೆ "ದೇಣಿಗೆ" ಕೇಳುತ್ತವೆ. ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಮನೆ ಕೈಬದಲಾಗುವಾಗ ಸೊಸೈಟಿ ಕೇಳಬಹುದಾದ ಟ್ರಾನ್ಸ್‌ಫರ್ ಪ್ರೀಮಿಯಂನ ಮಿತಿ 25,000 ರೂಪಾಯಿ. ಅದಕ್ಕಿಂತ ಹೆಚ್ಚು ಕೇಳಿದರೆ ಬರಹದಲ್ಲಿ ಕೊಡಿ ಎನ್ನಿ, ಪ್ರತಿಯನ್ನು ಸಹಕಾರ ಸಂಘಗಳ ಉಪನಿಬಂಧಕರಿಗೆ ಕಳಿಸಿ.