ಕೊಡೆ ಹಿಡಿದವನು ಯಾರು?

ಓದುಗರ ಪತ್ರ (ಸಂಗ್ರಹಿಸಿದ್ದು): “ಮಾನ್ಯ ಸಂಪಾದಕರೇ, ‘ನನ್ನ ಹೈಸ್ಕೂಲು ಸಹಪಾಠಿಗಳು’ ಎಂಬ ನನ್ನ ಲೇಖನವನ್ನು ‘ಸ್ಥಳಾಭಾವದಿಂದ’ ಎಂಬ ಚೀಟಿ ಅಂಟಿಸಿ ವಾಪಸು ಕಳಿಸಿದ್ದೀರಿ. ಅದೇ ಸಂಚಿಕೆಯಲ್ಲಿ ತೊಗರಿಬೇಳೆಗೆ ಹುಳ ಬೀಳದಂತೆ ಕಾಪಾಡುವ ಬಗ್ಗೆ ಅರ್ಧ ಪುಟ ಬಂದಿದೆ. ನಮ್ಮ 38 ಮಂದಿಯ ತರಗತಿಯಿಂದ, ಜೀವನದಲ್ಲಿ ಮುಂದೆ ಬಂದ 21 ಮಂದಿಯನ್ನು ಆರಿಸಿಕೊಂಡು, ಯಾರ ಮನಸ್ಸಿಗೂ ನೋವಾಗದಂತೆ ಲಘುಧಾಟಿಯಲ್ಲಿ ಬರೆದಿದ್ದೆ. ಅಡ್ಡಹೆಸರು ಹಿಡಿದು ಗೆಳೆಯರನ್ನು ಗೇಲಿ ಮಾಡಿದರೆ ಮಾತ್ರ ನಿಮ್ಮಲ್ಲಿ ಜಾಗವೇ? ಲೇಖನವನ್ನು ಮತ್ತೆ ಲಗತ್ತಿಸಿದ್ದೇನೆ. ನಿಜವಾದ ಕಾರಣ ತಿಳಿಸಿ.” — ಸಾಗರ ತಾಲ್ಲೂಕಿನ ನಿವೃತ್ತ ಉಪಾಧ್ಯಾಯರೊಬ್ಬರು

ಮಾನ್ಯರೇ,

ಸ್ಥಳಾಭಾವ ಎಂದದ್ದು ಸುಳ್ಳು. ಆ ಚೀಟಿಗಳನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೇವೆ. ಕಾರಣ ಬರೆಯಲು ಮೈಗಳ್ಳತನ ಬಂದಾಗ ಒಂದು ತೆಗೆದು ಅಂಟಿಸುವುದು ರೂಢಿ. ತೊಗರಿಬೇಳೆ ವಿಷಯದಲ್ಲಿ ನನ್ನನ್ನು ಸರಿಯಾಗಿಯೇ ಹಿಡಿದಿದ್ದೀರಿ, ಅದಕ್ಕೆ ಉತ್ತರವಿಲ್ಲ. ಪ್ರಾಯಶ್ಚಿತ್ತವಾಗಿ ನಿಮ್ಮ ಹನ್ನೊಂದು ಹಾಳೆಗಳನ್ನು ಎರಡು ಸಲ ಓದಿ ಈ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ 21 ಗೆಳೆಯರಲ್ಲಿ ಒಂಬತ್ತು ಮಂದಿ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ಗಳು. ಆರು ಮಂದಿ ಮೃದುಭಾಷಿಗಳು. ಮೂವರು ಪ್ರತಿಭೆಯ ಗಣಿಗಳು. ಉಳಿದ ಮೂವರು ಅಮೆರಿಕದಲ್ಲಿದ್ದಾರೆ. ಇವರೆಲ್ಲ ಹದಿನಾಲ್ಕು ವರ್ಷದವರಾಗಿದ್ದಾಗ ಹೇಗಿದ್ದರು ಅಂತ ಹುಡುಕಿದೆ. ಒಬ್ಬನ ಚಡ್ಡಿಯ ಗುಂಡಿ ಕಿತ್ತಿಲ್ಲ, ಒಬ್ಬಳ ಜಡೆಯ ರಿಬ್ಬನ್ನು ಬಿಚ್ಚಿಲ್ಲ, ಮಲೆನಾಡಿನ ಶಾಲೆ ಅಂತೀರಿ, ಹನ್ನೊಂದು ಹಾಳೆಯಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ. ಸನ್ಮಾನಪತ್ರ ಓದಿದ ಹಾಗಾಯಿತು; ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದೊಂದು ಬಾಕಿ.

ಮಳೆ ಬಿದ್ದಿಲ್ಲ ಅಂದದ್ದು ತಪ್ಪು. ಏಳನೇ ಹಾಳೆಯಲ್ಲಿ ಬಿದ್ದಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಗೇಲಿಯ ಮಾತು ಎತ್ತಿದಿರಿ. ನಾನು ಓದಿದ್ದು ತುಂಗೆಯ ದಂಡೆಯ ಒಂದು ಊರಿನಲ್ಲಿ, ಕನ್ನಡ ಮಾಧ್ಯಮದಲ್ಲಿ. ಎಂಟನೇ ತರಗತಿಗೆ ಸೇರಿದ್ದು 1981ರಲ್ಲಿ. ನಾಲ್ವರು ಕೂರುವ ಬೆಂಚಿನಲ್ಲಿ ಐವರು ಕೂರುತ್ತಿದ್ದೆವು. ನಮ್ಮ ತರಗತಿಯಲ್ಲಿ ಅಡ್ಡಹೆಸರಿಲ್ಲದವನು ಯಾರೂ ಇರಲಿಲ್ಲ. ದೇಹ ಹಿಡಿದು, ಬಣ್ಣ ಹಿಡಿದು, ಜಾತಿ ಹಿಡಿದು ಇಟ್ಟ ಹೆಸರುಗಳೂ ಇದ್ದವು. ಹಾಗೆ ಕೂಗಿದವರಲ್ಲಿ ನಾನೂ ಒಬ್ಬ, ಅದರಲ್ಲಿ ನಗುವಂಥದ್ದೇನೂ ಇಲ್ಲ, ಅಂಥವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವುದೂ ಇಲ್ಲ. ಆದರೆ ಒಂದು ಘಟನೆಯಿಂದ ಹುಟ್ಟಿದ ಹೆಸರಿನ ಜಾತಕವೇ ಬೇರೆ. ಹೆಸರು ಹೇಳಿದರೆ ಸಾಕು, ಆ ದಿನ ಎದ್ದು ಬಂದು ಎದುರು ನಿಲ್ಲುತ್ತದೆ.

‘ಜಾರಿ’ಯನ್ನೇ ತೆಗೆದುಕೊಳ್ಳಿ. 1982, ಗೋಕಾಕ್ ಚಳವಳಿಯ ಕಾಲ. ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದು ಹೈಸ್ಕೂಲಿನ ಭಾಷಾ ಕಲಿಕೆ ಕುರಿತ ಗೋಕಾಕ್ ಸಮಿತಿಯ ವರದಿ ಹೇಳಿತ್ತು. ರಾಜ್‌ಕುಮಾರ್ ಬೀದಿಗಿಳಿದ ಮೇಲಂತೂ ನಮ್ಮೂರಿನ ಕೋಳಿಗಳಿಗೂ ಅದರ ಹೆಸರು ಗೊತ್ತಾಗಿತ್ತು. ಹಾಗಂತ ನಮಗೆ ಎಲ್ಲ ತಿಳಿದಿತ್ತೆಂದಲ್ಲ. 150 ಅಂಕ ಎಂದರೆ ಇನ್ನೂ ಹೆಚ್ಚು ಪದ್ಯ ಬಾಯಿಪಾಠ ಮಾಡಬೇಕು ಅಂತ ಒಬ್ಬ ಲೆಕ್ಕ ಹಾಕಿ, ಮೆರವಣಿಗೆಗೆ ಬರುವುದೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸಿದ. ಶಾಲೆ ಆಗಷ್ಟೇ ತೆರೆದಿತ್ತು, ಮಳೆಯೂ ಹಿಡಿದಿತ್ತು. ನಮ್ಮಲ್ಲಿ ದೊಡ್ಡ ಗಂಟಲಿನವನನ್ನು ಮುಂದೆ ಬಿಟ್ಟೆವು. ಅವನು “ಗೋಕಾಕ್ ವರದಿ” ಎನ್ನಬೇಕು, ನಾವು “ಜಾರಿಯಾಗಲಿ” ಎನ್ನಬೇಕು. ಆಸ್ಪತ್ರೆ ಇಳಿಜಾರಿನಲ್ಲಿ ಕೆಮ್ಮಣ್ಣಿನ ರಸ್ತೆ. ಅವನು ಕೈ ಮೇಲೆತ್ತಿ “ಗೋಕಾಕ್ ವರದೀ…” ಎಂದು ಎಳೆದವನೇ ಕಾಲು ಜಾರಿ ಅಂಗಾತ ಬಿದ್ದ. ನಮಗೆ ಕೂಗಿ ಕೂಗಿ ಅಭ್ಯಾಸವಾಗಿತ್ತಲ್ಲ, ನೂರು ಜನ ಒಟ್ಟಿಗೆ “ಜಾರಿಯಾಗಲಿ!” ಎಂದೆವು. ಬಿದ್ದವನಿಗೇ ಮೊದಲು ನಗು ಬಂತು. ಕೆಸರಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಈಗ ಅವನ ಮೊಮ್ಮಗಳೂ ಅವನನ್ನು ಜಾರಿ ತಾತ ಅನ್ನುತ್ತಾಳೆ.

‘ಆಕಾಶವಾಣಿ’ಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲ ತರಗತಿಯಲ್ಲೂ ಅಂಥವನೊಬ್ಬ ಇರುತ್ತಾನೆ, ನಿಮ್ಮಲ್ಲೂ ಇದ್ದಿರಬೇಕು, ಆ ಮೃದುಭಾಷಿಗಳಲ್ಲೇ ಯಾರೋ ಒಬ್ಬ ಎಂದು ನನ್ನ ಗುಮಾನಿ. ನಮ್ಮವನ ದೊಡ್ಡ ಸಾಧನೆ ಒಂದೇ. 1983ರ ಜೂನ್ 18ರಂದು ಜಿಂಬಾಬ್ವೆ ಎದುರು ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡಾಗ ಕಪಿಲ್ ದೇವ್ ನಿಂತು 175 ಹೊಡೆದರು. ಆ ಆಟವನ್ನು ಬಿಬಿಸಿ ಚಿತ್ರೀಕರಿಸಲೇ ಇಲ್ಲ. ನಮ್ಮ ತರಗತಿಯಲ್ಲಿ ಮಾತ್ರ ಅದು ಮೂರು ದಿನ ನಡೆಯಿತು. ಮಧ್ಯಾಹ್ನದ ಬಸ್ಸಿಗೆ ಬಂದ ಪೇಪರಿನಲ್ಲಿ ಓದಿಕೊಂಡದ್ದನ್ನು, ಡಸ್ಟರನ್ನೇ ಬ್ಯಾಟು ಮಾಡಿಕೊಂಡು, ಒಂದೊಂದು ಹೊಡೆತವನ್ನೂ ಕಣ್ಣಾರೆ ಕಂಡವನ ಹಾಗೆ ಆಡಿ ತೋರಿಸಿದ. ಎರಡನೇ ದಿನ ಒಂದು ಚೆಂಡು ತುಂಗೆ ದಾಟಿ ಆಚೆ ದಡದ ತೋಟಕ್ಕೆ ಬಿತ್ತು. ಯಾರೂ ತಕರಾರು ಮಾಡಲಿಲ್ಲ.

ಇನ್ನು ‘ಚೊಗರು’. ಇವನ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

ನಿಮ್ಮದೂ ಅಡಿಕೆ ಸೀಮೆ, ನಿಮಗೆ ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ದೀಪಾವಳಿ ಹೊತ್ತಿಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾದರೆ ಮನೆಮನೆಯಲ್ಲಿ ರಾತ್ರಿ ಅಡಿಕೆ ಸುಲಿತ. ಮೆಟ್ಟುಗತ್ತಿಯ ಮೇಲೆ ಕೂತು, ಹಸಿರು ಕಾಯಿಯ ಸಿಪ್ಪೆ ಬಿಡಿಸಿ ಒಳಗಿನ ಬೇಳೆಯನ್ನು ಡಬ್ಬಕ್ಕೆ ಹಾಕುವುದು. ಕೂಲಿ ಡಬ್ಬದ ಲೆಕ್ಕ. ಕಾಯಿಯ ಒಗರು ರಸ ಬೆರಳಿಗೆ ಹತ್ತಿದರೆ ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು, ಕಪ್ಪಾಗಿ ಕೂತುಬಿಡುತ್ತದೆ. ಅಡಿಕೆ ಬೇಯಿಸಿದ ನೀರು ಇಂಗಿ ಗಟ್ಟಿಯಾದದ್ದಕ್ಕೆ ಚೊಗರು ಅನ್ನುತ್ತೇವೆ. ಇವನು ಅಮ್ಮನ ಜೊತೆ ದೊಡ್ಡ ತೋಟದವರ ಮನೆಗೆ ಸುಲಿಯಲು ಹೋಗುತ್ತಿದ್ದ. ನವೆಂಬರಿನಿಂದ ಫೆಬ್ರವರಿಯವರೆಗೆ ಅವನ ನೋಟ್‌ಬುಕ್ಕಿನ ಪ್ರತಿ ಪುಟದ ಮೂಲೆಯಲ್ಲೂ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಯಾರಾದರೂ ಪುಸ್ತಕ ಕದ್ದರೆ ಪೊಲೀಸರಿಗೆ ಕೆಲಸವಿಲ್ಲ ಎಂದು ನಾವು ಹೇಳಿ ನಗುತ್ತಿದ್ದೆವು, ಅವನೂ ನಗುತ್ತಿದ್ದ.

ಹಂಗಾಮಿನಲ್ಲಿ ಅವನು ಕೂತಲ್ಲೇ, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದ. ಗದ್ದಕ್ಕೆ ಎಡಗೈ, ಬಲಗೈಯಲ್ಲಿ ಪೆನ್ನು; ನೋಡಿದವರಿಗೆ ಭಾರೀ ಗಮನ. ಒಂದು ದಿನ ಗಣಿತದ ಮೇಷ್ಟ್ರು ಬೋರ್ಡಿನ ಲೆಕ್ಕ ಮುಗಿಸಿ, ಇವನತ್ತ ಸೀಮೆಸುಣ್ಣ ತೋರಿಸಿ “ಎಷ್ಟು ಬಂತು?” ಎಂದರು. ಇವನು ಎದ್ದು ನಿಂತು, ನಿದ್ದೆಗಣ್ಣಿನಲ್ಲೇ “ಎರಡೂವರೆ ಡಬ್ಬ” ಎಂದ. ತರಗತಿ ಗೊಳ್ಳೆಂದಿತು. ಮೇಷ್ಟ್ರು ಒಮ್ಮೆ ಬೋರ್ಡು ನೋಡಿದರು, ಒಮ್ಮೆ ಅವನ ಬೆರಳು ನೋಡಿದರು. “ಡಬ್ಬ ಬೇಡ, ಉಳಿದದ್ದು ಸರಿ. ಕೂತ್ಕೊ” ಎಂದರು. ಉತ್ತರ ನಿಜವಾಗಿಯೂ ಎರಡೂವರೆಯೇ ಆಗಿತ್ತೇ, ಮೇಷ್ಟ್ರು ಅವನಿಗಾಗಿ ಲೆಕ್ಕವನ್ನೇ ತಿರುಗಿಸಿದರೇ ಎಂಬ ಬಗ್ಗೆ ನಮ್ಮಲ್ಲಿ ಇಂದಿಗೂ ಎರಡು ಪಕ್ಷಗಳಿವೆ.

ಅವನು ಮೊದಲ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲ, ಇಂಗ್ಲಿಷಿನಲ್ಲಿ ಹೋಯಿತು. ಆಗ ಫಲಿತಾಂಶ ಪೇಪರಿನಲ್ಲಿ ಬರುತ್ತಿತ್ತು, ಬರೀ ರಿಜಿಸ್ಟರ್ ನಂಬರುಗಳು, ಇರುವೆ ಸಾಲಿನ ಹಾಗೆ. ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ನಿಂತು ಓದುವ ಹಕ್ಕು ಸಹಜವಾಗಿಯೇ ಆಕಾಶವಾಣಿಯದು. ಚೊಗರಿನ ನಂಬರು ಬರಬೇಕಾದಲ್ಲಿ ಅವನು ಕೆಮ್ಮಿದ. ಮತ್ತೆ ಕೆಮ್ಮಿದ. “ಇಲ್ಲಿ ಮಸಿ ಹತ್ತಿದೆ ಮಾರಾಯ, ಕಾಣದಿಲ್ಲ” ಎಂದ. ತುಂಗೆ ದಾಟಿಸಿ ಚೆಂಡು ಹೊಡೆದವನಿಗೆ ಅಂದು ಒಂದು ಸಣ್ಣ ಸುಳ್ಳು ನೆಟ್ಟಗೆ ಹೇಳಲಾಗಲಿಲ್ಲ. ಚೊಗರು ಪೇಪರು ಕಿತ್ತುಕೊಂಡು ನೋಡಿ, “ಮಸಿ ಇದ್ದದ್ದು ನನ್ನ ಬೆರಳಲ್ಲಿ. ಅದೂ ಈಗ ಹೋಗಿದೆ” ಎಂದು ಕೈ ತೋರಿಸಿದ. ಬೇಸಿಗೆ ಕೊನೆ, ಸುಲಿತ ಮುಗಿದು ತಿಂಗಳುಗಳಾಗಿದ್ದವು. ಬೆರಳು ಶುಭ್ರವಾಗಿದ್ದವು.

ನೀವು ಲೆಕ್ಕಕ್ಕೆ ಹಿಡಿಯದ 17 ಮಂದಿಯ ಬಗ್ಗೆ ನನಗಿರುವ ಕುತೂಹಲ ಇಂಥದ್ದಕ್ಕೇ. ‘ಮುಂದೆ ಬಂದವರು’ ಎಂಬ ಜರಡಿ ಹಿಡಿದರೆ ನನ್ನ ಚೊಗರು ಮೊದಲೇ ಸೋರಿಹೋಗುತ್ತಿದ್ದ. ಮರುಪರೀಕ್ಷೆಯಲ್ಲಿ ಅವನು ಪಾಸಾದ ಎನ್ನುವುದನ್ನು ಬೇಕಾದರೆ ಸೇರಿಸಿಕೊಳ್ಳಿ.

ಹೆಣ್ಣುಮಕ್ಕಳ ಬಗ್ಗೆ ನೀವು ಬರೆದಿರುವುದು ಒಂದೇ ವಾಕ್ಯ: ‘ವಿದ್ಯಾರ್ಥಿನಿಯರೂ ವಿನಯಶೀಲರಾಗಿದ್ದರು’. ನಮ್ಮಲ್ಲಿ ಹುಡುಗ ಹುಡುಗಿಯರು ಮೂರು ವರ್ಷ ಒಂದು ಮಾತಾಡದಿದ್ದರೂ, ಎಡಗಡೆ ಸಾಲಿನಲ್ಲಿ ಏನು ನಡೆಯುತ್ತಿದೆ ಎಂಬುದು ಬಲಗಡೆಯವರಿಗೆ ಪೂರ್ತಿ ಗೊತ್ತಿರುತ್ತಿತ್ತು. ಎರಡನೇ ಬೆಂಚಿನ ಒಬ್ಬಳಿಗೆ ಛಂದಸ್ಸಿನ ಹುಚ್ಚು. ಒಂಬತ್ತನೇ ತರಗತಿಯಲ್ಲಿ ಒಂದು ದಿನ ಕನ್ನಡ ಪಂಡಿತರ ಪೀರಿಯಡ್ಡಿನಲ್ಲಿ ನಮ್ಮ ಮುಂದಿನ ಬೆಂಚು ಮುರಿದು ಐವರೂ ನೆಲಕ್ಕೆ ಬಿದ್ದರು. ಪಂಡಿತರು ಬೈದರು. ಗಲಾಟೆ ತಣ್ಣಗಾದ ಮೇಲೆ ಅವಳು ಪಕ್ಕದವಳಿಗೆ ದಾಟಿಸುತ್ತಿದ್ದ ಚೀಟಿ ಅವರ ಕೈಗೆ ಸಿಕ್ಕಿತು. ಅದರಲ್ಲಿ:

ಬೆಂಚಿ ಮುರಿದರು ಮೇಷ್ಟ್ರು ಬೈದರು
ಮಂಚವೇರಿದ ಬೆಕ್ಕಿನಂದದಿ
ಹೊಂಚಿ ಕುಳಿತವನೊಬ್ಬ ನಕ್ಕನು ಹಿಂದೆ ಬೆಂಚಿನಲಿ

ಏಟು ಖಂಡಿತ ಎಂದು ನಾವು ಉಸಿರು ಹಿಡಿದೆವು. ಪಂಡಿತರು ಚೀಟಿ ಹಿಡಿದುಕೊಂಡೇ ಬೋರ್ಡಿಗೆ ಹೋಗಿ ಸಾಲುಗಳನ್ನು ಬರೆದು ಲಘು ಗುರು ಹಾಕುತ್ತ ಹೋದರು. ಮೂರು, ನಾಲ್ಕು, ಮೂರು, ನಾಲ್ಕು. ಎರಡನೆಯ ಸಾಲೂ ಹಾಗೇ. ಮೂರನೆಯದರಲ್ಲಿ ಕೊನೆಯ ಗುರುವೂ ಸರಿಯಾಗಿ ಬಂದು ಕೂತಿತು. ಆದಿಪ್ರಾಸವೂ ತಪ್ಪಿರಲಿಲ್ಲ. ಅಚ್ಚ ಭಾಮಿನಿ ಷಟ್ಪದಿಯ ಅರ್ಧ ಭಾಗ. ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡು, “ಉಳಿದ ಮೂರು ಸಾಲು ನಾಳೆ ಬರೆದ್ಕೊಂಡು ಬಾ” ಎಂದರು. ಹಿಂದಿನ ಬೆಂಚಿನಲ್ಲಿ ಒಬ್ಬನಿಗೆ ಮತ್ತೆ ನಗು ತಡೆಯಲಾಗಲಿಲ್ಲ. “ನಿನಗೆ ಹೇಳಿದ್ದಲ್ಲವೋ ಹೊಂಚಿ, ಸುಮ್ಮನೆ ಕೂರು” ಎಂದರು.

ಅವನು ನಾನು. ಅಂದಿನಿಂದ ನನ್ನ ಹೆಸರು ಹೊಂಚಿ. ಈ ಕಚೇರಿಗೆ ಬಂದ ಗೆಳೆಯನೊಬ್ಬ ಬಾಗಿಲಲ್ಲೇ ನಿಂತು “ಹೊಂಚಿ ಇದಾನಾ?” ಎಂದು ಕೇಳಿದ್ದರಿಂದ ನಮ್ಮ ಉಪಸಂಪಾದಕರಿಗೂ ಗೊತ್ತಾಗಿ, ಈಗ ಪುಟ ತಡವಾದಾಗ ನಾನು ಬೈಯುವ ಬೈಗುಳಕ್ಕೆ ಮೊದಲಿನ ಬೆಲೆ ಇಲ್ಲ.

ಮರುದಿನ ಹೊಳೆ ಉಕ್ಕಿ ಶಾಲೆಗೆ ರಜೆ ಬಂತು, ಆಮೇಲೆ ಆ ಮೂರು ಸಾಲನ್ನು ಯಾರೂ ಕೇಳಲಿಲ್ಲ. ಹೋದ ವರ್ಷ ಒಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ ಆಕೆ ಎದುರು ಸಿಕ್ಕಾಗ ಕೇಳಿಯೇಬಿಟ್ಟೆ. “ಬರೆದಿದ್ದೆ. ಅದರಲ್ಲೂ ನೀವೇ ಇದ್ರಿ. ಕೊಡದಿಲ್ಲ” ಎಂದರು. ಆಗ ಮಾತೇ ಇಲ್ಲ, ಈಗ ಬಹುವಚನ ಬೇರೆ.

ನಿಮ್ಮ ಲೇಖನದಲ್ಲಿ ನೀವು ಎಲ್ಲಿದ್ದೀರಿ ಎಂದು ಹುಡುಕಿದ್ದು ಇದೇ ಕಾರಣಕ್ಕೆ. 21 ಜನರ ಹಾಜರಿ ಕರೆದಿದ್ದೀರಿ, ಕರೆದವರ ಮುಖ ಕಾಣುವುದಿಲ್ಲ. ಅಷ್ಟು ವರ್ಷ ಮೇಷ್ಟ್ರಾಗಿದ್ದಿರಿ, ಮೇಜಿನ ಹಿಂದೆ ನಿಂತ ಅಭ್ಯಾಸ ಇರಬಹುದು. ಗೆಳೆಯರ ಕುರಿತು ನಗುವಾಗ ಬರೆಯುವವನೂ ಅದೇ ಕೆಸರಿನಲ್ಲಿ ಬಿದ್ದಿರಬೇಕಾಗುತ್ತದೆ, ಇಲ್ಲದಿದ್ದರೆ ನೀವು ಹೆದರುವ ಆ ಗೇಲಿ ಆಗಿಬಿಡುತ್ತದೆ. ನೀವು ಗೇಲಿಗೆ ಹೆದರಿ ಸನ್ಮಾನಕ್ಕೆ ಹೋದಿರಿ. ಎರಡರಲ್ಲೂ ನೀವು ವೇದಿಕೆ ಮೇಲೆ, ಅವರು ಕೆಳಗೆ.

ಈಗ ಏಳನೇ ಹಾಳೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಈಗ ಬ್ಯಾಂಕಿನ ನಿವೃತ್ತ ಹಿರಿಯ ಅಧಿಕಾರಿ’ ಎಂಬ ಗೆಳೆಯರ ಕೆಳಗೆ ಎರಡು ಸಾಲು ಬರೆದು ನೀಲಿ ಶಾಯಿಯಲ್ಲಿ ಅಡ್ಡಡ್ಡ ಗೀಟು ಎಳೆದು ಹೊಡೆದುಹಾಕಿದ್ದೀರಿ. ಹೊಡೆದುಹಾಕಿದ್ದನ್ನು ಓದುವುದು ಸಂಪಾದಕರ ಕೆಟ್ಟ ಚಾಳಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ: ‘ಇವನಿಗೆ ಕೊಡೆ ಇರಲಿಲ್ಲ. ನನ್ನ ಕೊಡೆಯಲ್ಲೇ ಬರುತ್ತಿದ್ದ. ಕೊಡೆ ಹಿಡಿಯುತ್ತಿದ್ದವನು ಅವನು, ನೆನೆಯುತ್ತಿದ್ದವನು ನಾನು.’

ಸ್ವಾಮಿ, ಇದನ್ನು ಯಾಕೆ ಹೊಡೆದುಹಾಕಿದಿರಿ? ಹನ್ನೊಂದು ಹಾಳೆಯಲ್ಲಿ ಇದೊಂದೇ ಕಡೆ ಇಬ್ಬರು ಹುಡುಗರು ನಡೆದುಕೊಂಡು ಹೋಗುವುದು ನನಗೆ ಕಂಡದ್ದು. ಅವನು ಉದ್ದ ಇದ್ದನೇ? ಉದ್ದ ಇದ್ದವನೇ ಕೊಡೆ ಹಿಡಿಯುವುದು ನ್ಯಾಯ, ಗಿಡ್ಡನಾಗಿದ್ದೂ ಹಿಡಿಯುತ್ತಿದ್ದನಾದರೆ ಅದು ಬೇರೆ ಕಥೆ. ಕೊಡೆಯ ಕಡ್ಡಿ ಎಷ್ಟು ಮುರಿದಿತ್ತು? ಪಾಟಿಚೀಲ ಯಾರ ಕಡೆ ಇರುತ್ತಿತ್ತು? ನೀವು ಒಂದು ದಿನವಾದರೂ “ಕೊಡೆ ನಂದು ಕಣೋ, ಇಲ್ಲಿ ಕೊಡು” ಎಂದಿರೋ, ಮೂರು ವರ್ಷವೂ ಹಾಗೇ ನೆನೆದುಕೊಂಡೇ ಹೋದಿರೋ? ಉಳಿದ ಇಪ್ಪತ್ತು ಮಂದಿಯನ್ನು ಸದ್ಯಕ್ಕೆ ಬಿಡಿ. ಈ ಒಬ್ಬನನ್ನು ಎಂಟುನೂರು ಪದಗಳಲ್ಲಿ ಬರೆದು ಕಳಿಸಿ. ತೊಗರಿಬೇಳೆಯ ಜಾಗ ನಿಮಗಾಗಿ ಖಾಲಿ ಇಟ್ಟಿದ್ದೇನೆ.

ಕಳಿಸುವ ಮುಂಚೆ ಅವರಿಗೆ ಫೋನು ಮಾಡಿ ಓದಿ ಹೇಳಿ. “ಕೊಡೆ ಹಿಡಿದದ್ದು ನಾನಲ್ಲ, ನೀನೇ, ನೆನೆದದ್ದು ನಾನು” ಎಂದು ಅವರು ಜಗಳಕ್ಕೆ ಬಂದರೆ, ಅದನ್ನೂ ಸೇರಿಸಿ. ಪದಮಿತಿ ಸಾವಿರಕ್ಕೆ ಏರಿಸೋಣ.

— ಸಂ.