ಏಪ್ರಿಲ್‌ನಲ್ಲಿ ಗೂಬೆ ಎಣಿಸೋಕೆ ಬರ್ತೀರಾ?

ಸಂಡೂರಿನಿಂದ ಜನವರಿಯಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಡ್ಬರಿಗೆ ಬಂದಿಳಿದು ನೀವು ಕೇಳಿರೋದು ಇಷ್ಟು: ಈ ಚಳಿ ಯಾವಾಗ ಹೋಗುತ್ತೆ, ಕಾರಿಲ್ಲದೆ ಬದುಕಬಹುದಾ, ಕೆಲಸ ಮುಗಿದ ಮೇಲೆ ಸಂಜೆ ಏನು ಮಾಡೋದು. "ಗಣಿ ಊರಿಂದ ಗಣಿ ಊರಿಗೇ ಬಂದೀನಿ, ಆದ್ರೂ ಮಾತಾಡ್ಸೋ ಒಂದು ಮುಖ ಇಲ್ಲ" ಅಂತ ಬೇರೆ ಬರೆದಿದ್ದೀರಿ. ನಾನು ರಜೆಗೆ ಬಳ್ಳಾರಿಗೆ ಬಂದಿದ್ದೀನಿ, ಕೌಲ್ ಬಜಾರಿನ ನಮ್ಮನೆ ಮಾಳಿಗೆ ಮೇಲೆ ಕೂತು ಉತ್ತರ ಬರೀತಿದ್ದೀನಿ. ಮಾರ್ಚಿಗೇ ಇಲ್ಲಿ ನೆಲ ಕಾದ ಹೆಂಚು. ನಿಮಗೆ ಹೊಟ್ಟೆ ಉರೀಬಹುದು.

ಚಳಿ ಮೇ ತಿಂಗಳವರೆಗೂ ಪೂರ್ತಿ ಬಿಡಲ್ಲ, ಏಪ್ರಿಲ್‌ನಲ್ಲೂ ಹಿಮ ಬೀಳುತ್ತೆ. ಕಾರಿನ ವಿಷಯ: ಒಂಟಾರಿಯೊಕ್ಕೆ ನೆಲೆಸೋಕೆ ಬಂದವರಿಗೆ ಊರಿನ ಲೈಸೆನ್ಸ್ ನಡೆಯೋದು 60 ದಿನ ಅಷ್ಟೇ. ಆಮೇಲೆ ಜಿ1, ಅಂದ್ರೆ ಅಲ್ಲಿನ ಕಲಿಕಾ ಲೈಸೆನ್ಸಿನ ಬರಹದ ಪರೀಕ್ಷೆ. ಇನ್ನೂ ಬರೆದಿಲ್ಲ ಅಂದ್ರೆ ಈ ವಾರವೇ ಹೋಗಿ ಬರೆದುಬಿಡಿ.

ಸಂಜೆಯ ಪ್ರಶ್ನೆಗೆ ಎಲ್ಲರೂ ಕನ್ನಡ ಸಂಘದ ಹೆಸರು ಹೇಳ್ತಾರೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಖಂಡಿತ ಹೋಗಿ, ಹೋಳಿಗೆ ತಿಂದು ಬನ್ನಿ. ಆದರೆ ಆ ಸಂಘ ಇರೋ ಟೊರಾಂಟೊ ಸುಮಾರು 400 ಕಿ.ಮೀ. ದೂರ, ಹಬ್ಬಗಳೋ ವರ್ಷಕ್ಕೆ ಬೆರಳೆಣಿಕೆ. ಉಳಿದ ಸಂಜೆಗಳ ಗತಿ? ನನ್ನ ಉತ್ತರ ಕೇಳಿ ನಗಬೇಡಿ: ಗೂಬೆ ಎಣಿಸೋಕೆ ಬನ್ನಿ. ನಮ್ಮವ್ವನಿಗೆ ಇದನ್ನ ಹೇಳಿದಾಗ "ಗೂಬಿ ಎಣಸಾಕ ಅಷ್ಟು ದೂರ ಹೋದ್ಯಾ? ಇಲ್ಲೇ ಇದ್ವಲ್ಲೋ" ಅಂದ್ಲು. ಇವೆ ನಿಜ. ಕೋಟೆ ಗುಡ್ಡದ ಬಂಡೆ ಸಂದಿಯಿಂದ ಹಾಲಕ್ಕಿ ಕಚಪಚ ಅನ್ನೋದು ನಮ್ಮ ಮಾಳಿಗೆಗೂ ಕೇಳುತ್ತೆ. ಆದರೆ ನಮ್ಮಲ್ಲಿ ಹಾಲಕ್ಕಿ ಏನು ನುಡೀತು ಅಂತ ಹೇಳೋಕೆ ಬುಡಬುಡಕೆಯವನು ಬರಬೇಕು. ಅಲ್ಲಿ ಆ ಕೆಲಸ ನಮ್ಮದೇ.

ಬರ್ಡ್ಸ್ ಕೆನಡಾ ಅನ್ನೋ ಸಂಸ್ಥೆ ಒಂಟಾರಿಯೊದಲ್ಲಿ 1995ರಿಂದ ಈ ಗೂಬೆ ಸಮೀಕ್ಷೆ ನಡೆಸ್ತಾ ಇದೆ. ದುಡಿಯೋರೆಲ್ಲ ಸ್ವಯಂಸೇವಕರು, ಸಂಬಳ ಇಲ್ಲ. ಹಗಲಲ್ಲಿ ಮಾಡೋ ಪಕ್ಷಿ ಗಣತಿಗೆ ಗೂಬೆಗಳು ಸಿಗಲ್ಲ. ಹಾಗಾಗಿ ಅವು ಜೋಡಿಗಾಗಿ, ಜಾಗಕ್ಕಾಗಿ ಜೋರಾಗಿ ಕೂಗೋ ಏಪ್ರಿಲ್‌ನಲ್ಲಿ ರಾತ್ರಿಯೇ ಹೋಗಬೇಕು. ಒಬ್ಬೊಬ್ಬರಿಗೆ ಒಂದು ಕಾಡುರಸ್ತೆ. ಅದರಲ್ಲಿ 2 ಕಿ.ಮೀ.ಗೊಂದರಂತೆ 10 ನಿಲುಗಡೆ. ಅಲ್ಲಿ ಆಗ ಸೂರ್ಯ ಮುಳುಗೋದೇ ಎಂಟರ ಆಸುಪಾಸು. ಅದಾಗಿ ಅರ್ಧ ಗಂಟೆಗೆ ಶುರು. ಗಾಳಿ ಜೋರಿದ್ದರೆ, ಮಳೆ ಹಿಡಿದರೆ ಆ ದಿನ ರದ್ದು.

ನಿಲುಗಡೆಯಲ್ಲಿ ಎಂಜಿನ್ ಆರಿಸಿ, ಇಳಿದು, ಮೊದಲು 2 ನಿಮಿಷ ಸುಮ್ಮನೆ ಕೇಳಬೇಕು. ಆ 2 ನಿಮಿಷ ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ಆಮೇಲೆ ಸ್ಪೀಕರಿನಲ್ಲಿ ಗೂಬೆಯ ಕೂಗು ಹಾಕಿ, ಮತ್ತೆ ಕೇಳೋದು. ಕೂಗು ಬಂತು ಅನ್ನಿ: ಯಾವ ಗೂಬೆ, ಯಾವ ದಿಕ್ಕು, ಅಂದಾಜು ಎಷ್ಟು ದೂರ, ಎಷ್ಟನೇ ನಿಮಿಷ, ಎಲ್ಲ ಹಾಳೆಗೆ ಇಳೀಬೇಕು. ಬರದಿದ್ದರೆ ಸೊನ್ನೆ. ಆ ಸೊನ್ನೆಗೂ ಅಷ್ಟೇ ಬೆಲೆ, ಅದಕ್ಕೇ ಹುಮ್ಮಸ್ಸಿನಲ್ಲಿ ಏನನ್ನೋ ಕೇಳಿದೆ ಅನ್ನೋರಿಗೆ ಈ ಕೆಲಸ ಒಗ್ಗಲ್ಲ. ಏಪ್ರಿಲ್ ಕೊನೆಗೆ ಇನ್ನೊಂದು ತಾಪತ್ರಯ: ಹಿಮ ಕರಗಿದ ಹೊಂಡಗಳಲ್ಲಿ ಪುಟಾಣಿ ಕಪ್ಪೆಗಳು ಎಷ್ಟು ಅರಚ್ತವೆ ಅಂದ್ರೆ ಗೂಬೆ ನೆತ್ತಿ ಮೇಲೆ ಕೂತು ಕೂಗಿದರೂ ಗೊತ್ತಾಗಲ್ಲ. ನಾನಂತೂ ಅದಕ್ಕೇ ತಿಂಗಳ ಮೊದಲ ಪಾದದಲ್ಲೇ ಮುಗಿಸ್ತೀನಿ.

ನಿಮ್ಮ ಕಿವಿಗೆ ಮೊದಲು ಬೀಳೋದು ಬಹುಶಃ ಸಾ-ವೆಟ್ ಗೂಬೆ. ನಮ್ಮ ಹಾಲಕ್ಕಿಯಷ್ಟೇ ಗಾತ್ರ, ತೂಕ ಸುಮಾರು 100 ಗ್ರಾಂ ಅಷ್ಟೇ. ಅದರ ಕೂಗು ನಿಮಗೆ ಹೊಸದಲ್ಲ: ಅದಿರು ಲಾರಿ ರಿವರ್ಸ್ ತಗೊಳ್ಳುವಾಗ ಪೀಂ ಪೀಂ ಅಂತ ಬರುತ್ತಲ್ಲ, ಅದೇ ಲಯ, ನಿಲ್ಲಿಸೋ ಮಾತೇ ಇಲ್ಲ. ಬಾರ್ಡ್ ಗೂಬೆ ದೊಡ್ಡದು. ಅದರ ಕೂಗು "ನಿಮಗೆ ಅಡುಗೆ ಮಾಡೋರ್ಯಾರು" ಅಂತ ಕೇಳಿದಂಗಿರುತ್ತೆ ಅಂತ ಅಲ್ಲಿಯವರು ಹೇಳಿಕೊಡ್ತಾರೆ. ಒಂಟಿಯಾಗಿ ಬಂದವರಿಗೆ ಸರಿಯಾದ ಪ್ರಶ್ನೆಯೇ. ಅದು ಗೂಡು ಮಾಡೋದು ಹಳೇ ದೊಡ್ಡ ಮರಗಳ ಪೊಟರೆಯಲ್ಲಿ. ಅದು ಕೂಗಿತು ಅಂದ್ರೆ ಅಲ್ಲಿ ಕಾಡಿಗೆ ವಯಸ್ಸಾಗಿದೆ ಅಂತ ಲೆಕ್ಕ.

ಸಡ್ಬರಿಯಲ್ಲಿ ಈ ಲೆಕ್ಕಕ್ಕೆ ಬೇರೆಯೇ ತೂಕ ಇದೆ. ನಿಕ್ಕಲ್ ಅದಿರು ಸುಟ್ಟ ಗಂಧಕದ ಹೊಗೆಗೆ ಆ ಊರಿನ ಸುತ್ತ ಮರ ಸತ್ತು, ಮಣ್ಣು ಕೊಚ್ಚಿಹೋಗಿ, ಬಂಡೆಗಳು ಕಪ್ಪಾಗಿದ್ವು. 1978ರಿಂದ ಸುಣ್ಣ ಚೆಲ್ಲಿ, ಗಿಡ ನೆಟ್ಟು, ಲಕ್ಷಗಟ್ಟಲೆ ಮರ ಎಬ್ಬಿಸಿದ್ದಾರೆ. ಕೆಂಧೂಳು ಮೆತ್ತಿದ ಎಲೆ ನೋಡ್ತಾ ಬೆಳೆದ ನಿಮಗೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ನೆನಪಿರೋ ನಿಮಗೆ, ಇದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಜೊತೆ ಬರೋ ಯಜಮಾನರು ಅದೇ ನಿಕ್ಕಲ್ ಗಣಿಯಲ್ಲಿ ದುಡಿದು ನಿವೃತ್ತರಾದವರು. ಡ್ರಿಲ್ಲಿನ ಸದ್ದಿಗೆ ಒಂದು ಕಿವಿ ಮಂದ, ಹಾಗಾಗಿ ಕೂಗು ಯಾವ ದಿಕ್ಕಿಂದ ಬಂತು ಅಂತ ತಿಳಿಯಲ್ಲ. ಕಾರು ಅವರದ್ದು, ಕಿವಿ ನನ್ನದು. ಶುರುವಿನಲ್ಲಿ ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಗ್ತಿರಲಿಲ್ಲ, ಅವರದ್ದು ನನಗೂ ಅಷ್ಟೇ. ಆದರೆ ಮಾತಾಡಲೇಬಾರದು ಅನ್ನೋ ಕೆಲಸದಲ್ಲಿ ಅದು ಅಡ್ಡಿಯಾಗಲಿಲ್ಲ. ಹವಾಮಾನ, ಹಾಕಿ ಅಂತ ಹರಟೆ ಹುಡುಕೋ ಕಷ್ಟವೂ ಇಲ್ಲ. ಈಗ ನಮ್ಮನೆ ಚಿತ್ರಾನ್ನ ಇಲ್ಲದೆ ಅವರಿಗೆ ಏಪ್ರಿಲ್ ಶುರುವಾಗಲ್ಲ.

ಒಂದು ಮಾತು ಮುಚ್ಚಿಡಲ್ಲ. ಕತ್ತಲ ರಸ್ತೆಯಲ್ಲಿ ಕಾರು ನಿಲ್ಲಿಸಿ ನಿಂತ ನಮ್ಮ ಬಣ್ಣದವರನ್ನ ಕಂಡು ಯಾರಾದರೂ "ಏನು ಮಾಡ್ತಿದ್ದೀರಿ" ಅಂತ ಕೇಳೇ ಕೇಳ್ತಾರೆ. ಗೂಬೆ ಸಮೀಕ್ಷೆ ಅಂತ ದೊಡ್ಡಕ್ಷರದಲ್ಲಿ ಬರೆದ ಹಾಳೆ ಡ್ಯಾಶ್‌ಬೋರ್ಡ್ ಮೇಲೆ ಇಡ್ತೀನಿ, ಹೊಳೆಯೋ ಜಾಕೆಟ್ ಹಾಕ್ತೀನಿ. ಕೇಳಿದವರಲ್ಲಿ ಹೆಚ್ಚಿನವರು ತಮ್ಮ ಹಿತ್ತಲಿನ ಗೂಬೆ ಕಥೆ ಶುರುಮಾಡ್ತಾರೆ. ಎಲ್ಲರೂ ಅಲ್ಲ. ಒಬ್ಬರೇ ಮಾತ್ರ ಹೋಗಬೇಡಿ. ಅಲ್ಲಿ ಫೋನ್ ಸಿಗ್ನಲ್ಲೂ ಇರಲ್ಲ.

ಈ ಸಲ ಯಜಮಾನರಿಗೆ ಮಂಡಿ ಆಪರೇಷನ್. ಕಾರು ನಾನು ಓಡಿಸ್ತೀನಿ, ಕೇಳೋದೂ ನಾನೇ, ಹಾಳೆ ತುಂಬೋಕೆ ಒಬ್ಬರು ಬೇಕು. ಮಾರ್ಚ್ ಕೊನೆಗೆ ವಾಪಸ್ ಬರ್ತೀನಿ. ಗಟ್ಟಿ ಬೂಟು, ಪೆನ್ಸಿಲ್ ತನ್ನಿ, ಚಳಿಗೆ ಪೆನ್ನು ಕೈಕೊಡುತ್ತೆ. ನಡೆದರೆ ಸರಸರ ಅನ್ನೋ ನೈಲಾನ್ ಜಾಕೆಟ್ ಬೇಡ, ಉಣ್ಣೆಯದು ಹಾಕಿ. ಒಗ್ಗರಣೆ ಮಂಡಕ್ಕಿ ನಾನು ತರ್ತೀನಿ, ತಿನ್ನೋದು ಕಾರು ಓಡುವಾಗ ಮಾತ್ರ.