ಆಲೂಗಡ್ಡೆ ಕೊಳೆಯದ ಹಾಗೆ, ಮೊಳೆಯದ ಹಾಗೆ ಇಡುವುದು ಹೇಗೆ?

ಪ್ರಶ್ನೆ: ನಾನೇ ಬೆಳೆದ ಆಲೂಗಡ್ಡೆ ಅಗೆದು, ತೊಳೆದು, ಚೀಲದಲ್ಲಿ ಕಟ್ಟಿಟ್ಟಿದ್ದೆ. ಸ್ವಲ್ಪ ದಿನಕ್ಕೇ ಕೆಲವು ಕೊಳೆತು ನಾರಿದವು, ಇನ್ನು ಕೆಲವು ಮೊಳಕೆ ಬಿಟ್ಟವು. ಏನಾದರೂ ಔಷಧಿ ಹಾಕಬಹುದೇ?

ಉತ್ತರ: ಕಷ್ಟಪಟ್ಟು ಬೆಳೆದದ್ದು ಹೀಗಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಔಷಧಿ ಬೇಡ. ದೊಡ್ಡ ಗೋದಾಮುಗಳಲ್ಲಿ ಮೊಳಕೆ ತಡೆಯಲು ಬಳಸುತ್ತಿದ್ದ ಸಿಐಪಿಸಿ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟ 2020ರಲ್ಲಿ ನಿಲ್ಲಿಸಿಬಿಟ್ಟಿತು. ಮನೆಯಲ್ಲಂತೂ ಅಂಥದ್ದರ ಸಹವಾಸವೇ ಬೇಡ.

ನನ್ನ ಪ್ರಕಾರ ಕೊಳೆತಕ್ಕೆ ಮುಖ್ಯ ಕಾರಣ ತೊಳೆದದ್ದು. ಮಣ್ಣಿನ ಬ್ಯಾಕ್ಟೀರಿಯಾ ನೀರಿನ ಜೊತೆ ಗಡ್ಡೆಯಿಂದ ಗಡ್ಡೆಗೆ ಹರಡಿ, ಗುದ್ದಲಿ ತಾಗಿದ ಗಾಯದಿಂದ ಒಳಗೆ ನುಗ್ಗುತ್ತದೆ. ಕಟ್ಟಿದ ಚೀಲದಲ್ಲಿ ತೇವ ಆರುವುದಿಲ್ಲ, ಗಾಳಿಯೂ ಆಡುವುದಿಲ್ಲ.

ಮುಂದಿನ ಸಲ ಗಿಡ ಒಣಗಿದ ಮೇಲೂ ಗಡ್ಡೆಯನ್ನು ಎರಡು ವಾರ ಮಣ್ಣಲ್ಲೇ ಬಿಡಿ. ಮಳೆ ಹಿಡಿದು ಮಣ್ಣು ಹಸಿಯಾಗಿದ್ದರೆ ಮಾತ್ರ ಅಷ್ಟು ಕಾಯಬೇಡಿ. ಒಂದನ್ನು ಕಿತ್ತು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಬಲಿತಿಲ್ಲ. ಅಗೆದ ಮೇಲೆ ಮಣ್ಣನ್ನು ಕೈಯಲ್ಲೇ ಉದುರಿಸಿ, ಸುಮಾರು 15 ಡಿಗ್ರಿ ಇರುವ, ಗಾಳಿಯಾಡುವ ಕತ್ತಲೆ ಜಾಗದಲ್ಲಿ 10-15 ದಿನ ಹರಡಿ. ಜಾಗ ತೀರಾ ಒಣಗಿರಬಾರದು. ಈ ದಿನಗಳಲ್ಲಿ ಚಿಕ್ಕ ಗಾಯಗಳ ಮೇಲೆ ಬೆಂಡಿನಂಥ ಹೊಸ ಪದರ ಕೂಡುತ್ತದೆ. ಈ ಹಂತವನ್ನು ದಯವಿಟ್ಟು ಬಿಡಬೇಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಆಮೇಲೆ ಒಳ್ಳೆಯದು, ಕೆಟ್ಟದ್ದು ಬೇರೆ ಮಾಡಿ. ಆಳವಾಗಿ ಕತ್ತರಿಸಿದ್ದು ಮೊದಲು ಅಡುಗೆಗೆ ಹೋಗಲಿ. ಮೆತ್ತಗಾಗಿ ನೀರು ಸೋರುವುದು, ಗುಳಿ ಬಿದ್ದು ಸುಕ್ಕುಗಟ್ಟಿ ಬೂಸ್ಟು ಹಿಡಿದದ್ದು ನೇರ ಹೊರಗೆ.

ಇನ್ನು ಮೊಳಕೆ. ಅಗೆದ ಮೇಲೆ ಗಡ್ಡೆ ತಳಿಗೆ ತಕ್ಕಂತೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ನಿದ್ದೆಯಲ್ಲಿರುತ್ತದೆ. ಬಿಸಿ ಜಾಸ್ತಿಯಾದರೆ ಬೇಗ ಏಳುತ್ತದೆ. 7ರಿಂದ 10 ಡಿಗ್ರಿ ಒಳ್ಳೆಯದು. 4 ಡಿಗ್ರಿಗೆ ಇಳಿದರೆ ಪಿಷ್ಟ ಸಕ್ಕರೆಯಾಗಿ ಗಡ್ಡೆ ಸಿಹಿಯಾಗುತ್ತದೆ, ಕರಿದಾಗ ಕಪ್ಪಾಗುತ್ತದೆ. ಅಷ್ಟು ತಂಪಾದ ಜಾಗ ಇಲ್ಲದಿದ್ದರೆ ಸುಮ್ನೆ ತಿಂಗಳುಗಟ್ಟಲೆ ಕೂಡಿಡಬೇಡಿ. ರಂಧ್ರವಿರುವ ಪೆಟ್ಟಿಗೆಯಲ್ಲಿಟ್ಟು ಬೆಳಕು ಬೀಳದಂತೆ ಮುಚ್ಚಿ, ಆಗಾಗ ಮೂಸಿ ನೋಡಿ. ಒಂದು ಕೊಳೆತರೂ ವಾಸನೆಯೇ ಮೊದಲು ಹೇಳುತ್ತದೆ.

ಈಗ ಉಳಿದಿರುವ ಗಡ್ಡೆಗಳನ್ನು ಇವತ್ತೇ ಸುರಿದು ನೋಡಿ. ಮೊಳೆತಿದ್ದರೂ ಗಟ್ಟಿಯಾಗಿದ್ದರೆ ಮೊಳಕೆಯನ್ನು ಕಣ್ಣಿನ ಸಮೇತ ಆಳವಾಗಿ ಕೆತ್ತಿ, ಬೇಗ ಬಳಸಿ. ಹಸಿರು ತಿರುಗಿದ್ದನ್ನು, ಕಹಿಯಾದದ್ದನ್ನು ತಿನ್ನಬೇಡಿ. ಅದರಲ್ಲಿರುವ ಸೋಲನಿನ್ ವಿಷ ಬೇಯಿಸಿದರೂ ಹೋಗುವುದಿಲ್ಲ.